ಅಂಗಳದ ನಿಖಾಹ್, ಒಳಗಿನ ಕಂಪ್ಯೂಟರ್

ಗೆಳೆಯರೇ, ಇವತ್ತು ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ತಂಗಿಯ ನಿಖಾಹ್. ನಡೆಯುವುದು ಅಂಗಳದಲ್ಲಿ, ಗಂಡಸರ ನಡುವೆ. ಒಳಗಿದ್ದ ಉಮ್ಮ ಮಾತ್ರ "ಮಗಳ ನಿಖಾಹ್ ನಾನು ನೋಡಿಯೇ ನೋಡ್ತೇನೆ" ಎಂದು ಹಟ ಹಿಡಿದರು. ತಮ್ಮನ ಕ್ಯಾಮೆರಾಕ್ಕೆ ದುಬೈಯಿಂದ ಬಂದ ವೈರ್‌ಲೆಸ್ ಪೆಟ್ಟಿಗೆ ಸಿಕ್ಕಿಸಿ, ಒಳಗಿನ ಕಂಪ್ಯೂಟರಿಗೆ ಚಿತ್ರ ಬರುವಂತೆ ಮಾಡಿದೆ.

"ಹೆಂಗಸರು ಮತ್ತೆ ಸಿ.ಡಿ.ಯಲ್ಲಿ ನೋಡಿದರೆ ಸಾಕಲ್ವಾ?" ಎಂದರು ಕುಟುಂಬದ ಹಿರಿಯ ಹಮೀದಾಕ.

ಅಪ್ಪ ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕು, ಅಷ್ಟರಲ್ಲಿ ಹಮೀದಾಕನೇ ಎದ್ದು ಪೆಟ್ಟಿಗೆಗೆ ಅಡ್ಡ ನಿಂತರು. ಸಿಗ್ನಲ್ ಕಡಿದು ಒಳಗೆ ನಮ್ಮ ಕಂಪ್ಯೂಟರಿನಲ್ಲಿ ಬರೀ ನೀಲಿ.

ಉಮ್ಮ ಬಾಗಿಲ ಪರದೆಯ ಹಿಂದಿನಿಂದಲೇ ಕೂಗಿದರು: "ಹಮೀದಾಕ, ಕೂತ್ಕೊಳ್ಳಿ! ನನಗೆ ಕಾಣದೆ ನಿಖಾಹ್ ಬೇಡ!"

ಅಂಗಳವೆಲ್ಲ ಹಮೀದಾಕನತ್ತ ತಿರುಗಿತು. ನಿಖಾಹ್ ನಡೆಸುತ್ತಿದ್ದ ಉಸ್ತಾದರೂ ಮಾತು ನಿಲ್ಲಿಸಿ ಅವರನ್ನೇ ನೋಡಿದರು. ಹಮೀದಾಕ ಕೂತರು. ಚಿತ್ರ ಬಂತು.

ಹೆಂಗಸಿನ ಒಂದೇ ಮಾತಿಗೆ ಹಮೀದಾಕ ಕೂತರೆಂದರೆ ನಂಬಿಕೆ ಬರುವುದಿಲ್ಲವೇ? ಮತ್ತೆ ಸಿ.ಡಿ.ಯಲ್ಲಿ ನೋಡಿದರೆ ಸಾಕು.