ನಡುವೆ ನಿಲ್ಲುವ ಮೇಸ್ತ್ರಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದವರಿಗೂ ಹೇಳುತ್ತೇನೆ. ಸಿಂಧನೂರಿನಲ್ಲಿ ಬಿ.ಎ. ಮಾಡಿದೆ, ಆಮೇಲೆ ಬಿ.ಎಡ್. ಮಾಡಿದೆ. ಈಗ ಲಿಂಗಸುಗೂರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬಿ.ಎ. ಓದುವಾಗ ಮೂರು ವರ್ಷವೂ ರಜೆ ಬಂದರೆ ಅವ್ವನ ಜೊತೆ ನೆಲ್ಲು ಹಚ್ಚಲು ಹೋಗುತ್ತಿದ್ದೆ. ಹಚ್ಚುವುದೆಂದರೆ ಕೆಸರು ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ನಾಟಿ ಮಾಡುವುದು. ನಮ್ಮೂರು ಪಾಮನಕಲ್ಲೂರಿನ ಆಚೆ, ಮಸ್ಕಿ ತಾಲೂಕಿನ ಒಣಭೂಮಿ. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಊರ ಹೆಣ್ಣುಮಕ್ಕಳು ಮೂರು ಗಾಲಿಯ ಟಂಟಂ ಗಾಡಿ ಹತ್ತಿ ದಢೇಸುಗೂರು, ಮುಕ್ಕುಂದದ ಕಡೆ ಹೋಗುತ್ತಾರೆ.

ಹೋಗುವವರಿಗೆಲ್ಲ ಗುಂಪು ಇರುತ್ತದೆ, ಗುಂಪಿಗೊಬ್ಬಳು ಮೇಸ್ತ್ರಿ ಇರುತ್ತಾಳೆ, ರೈತರಿಂದ ಕೆಲಸ ಹಿಡಿಯುವವಳು ಅವಳೇ. ಅವ್ವನ ಗುಂಪಿನಲ್ಲಿ ಹದಿನಾಲ್ಕು ಮಂದಿ. ಮೇಸ್ತ್ರಿ ಒಬ್ಬ ಮುಸ್ಲಿಂ ಹೆಂಗಸು, ನಮ್ಮ ಓಣಿಯ ಕೊನೆಯ ಮನೆಯವಳು. ನಾನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಈಗಲೂ ಹಾಗೇ ಎನ್ನುತ್ತೇನೆ. ಅವ್ವ ಮತ್ತು ಅವಳು ಮದುವೆಯಾಗಿ ಊರಿಗೆ ಬಂದದ್ದು ಒಂದೇ ವರ್ಷ. ಅಂದಿನಿಂದ ಇಬ್ಬರೂ ಪಕ್ಕಪಕ್ಕದಲ್ಲಿ ಬಗ್ಗಿದವರು.

ನಾಟಿ ಮಾಡುವವರು ಗದ್ದೆಯ ಮಡಿಯ ಅಗಲಕ್ಕೆ ಸಾಲಾಗಿ ನಿಂತು, ಹಚ್ಚುತ್ತ ಹಚ್ಚುತ್ತ ಹಿಂದಕ್ಕೆ ಸರಿಯುತ್ತಾರೆ. ಕೈ ನಿಧಾನ ಇದ್ದವಳು ಹಿಂದೆ ಬಿದ್ದರೆ ಎರಡೂ ಕಡೆ ಸಸಿ ಎದ್ದು ನಿಂತು, ನಡುವೆ ಅವಳೊಬ್ಬಳೇ ಬೋನಿನಲ್ಲಿ ಸಿಕ್ಕ ಹಾಗೆ ಉಳಿಯುತ್ತಾಳೆ. ಉಳಿದವರು ಬದುವಿನ ಮೇಲೆ ನಿಂತು ನಗುತ್ತಾರೆ. ಬೇರೆ ಗುಂಪುಗಳ ಮೇಸ್ತ್ರಿಗಳು ಅಂಚಿನಲ್ಲಿ ನಿಲ್ಲುವುದನ್ನು ನೋಡಿದ್ದೇನೆ, ಅಲ್ಲಿ ಕಾಲಿಗೆ ಗಟ್ಟಿ ನೆಲ ಸಿಗುತ್ತದೆ. ಖಾಲಾ ನಿಲ್ಲುತ್ತಿದ್ದದ್ದು ನಡುವೆ, ಎಲ್ಲರಿಗಿಂತ ನಿಧಾನ ಯಾರೋ ಅವರ ಪಕ್ಕ. ಆ ಮೂರು ವರ್ಷ ಆ ನಿಧಾನದವಳು ನಾನು. ನಾನು ಒಂದು ಹಿಡಿ ಮುಗಿಸುವಷ್ಟರಲ್ಲಿ ಅವಳ ಕೈ ನನ್ನ ಸಾಲಿಗೂ ಬಂದು ಹೋಗಿರುತ್ತಿತ್ತು.

"ಓದಾಕಿ ಕೈ ನೋಡ್ರಿ, ಸಸಿ ಹಚ್ಚಾಕತ್ತಾಳೋ ಪೆನ್ನು ಹಿಡದಾಳೋ," ಎಂದು ಯಾರಾದರೂ ಅಂದರೆ ಖಾಲಾ, "ನಿನ್ನ ಕೈಯಾಗ ಪೆನ್ನು ಕೊಟ್ರ ನೀ ಅದನ್ನೂ ಕೆಸರಾಗ ನೆಡ್ತಿದ್ದಿ, ಸುಮ್ಕ ಬಗ್ಗಬೇ," ಎನ್ನುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ನನ್ನನ್ನು ನಡುಮಧ್ಯಾಹ್ನ ಸಿಂಧನೂರು ಬಸ್ಸಿಗೆ ಕಳಿಸಿ, ನನ್ನ ಪಾಲಿನ ಸಾಲನ್ನು ತಾನೇ ಮುಗಿಸುತ್ತಿದ್ದಳು. ನನ್ನ ಪದವಿಯಲ್ಲಿ ಅವಳ ಸೊಂಟದ ನೋವೂ ಸೇರಿದೆ.

ನೌಕರಿ ಬಂದ ಮೇಲೂ ಪ್ರತಿ ಹಂಗಾಮಿನಲ್ಲಿ ಒಂದು ಭಾನುವಾರ ನಾನು ಗದ್ದೆಗೆ ಹೋಗುತ್ತೇನೆ. ಅವ್ವ ಬೈಯುತ್ತಾಳೆ. ನನಗೆ ಅದು ಒಂದು ಥರದ ಸೊಕ್ಕು: ಓದಿ ಟೀಚರ್ ಆದವಳು ಇನ್ನೂ ಹಚ್ಚಬಲ್ಲಳು ಎಂದು ತೋರಿಸುವ ಸೊಕ್ಕು.

ಒಂದು ವರ್ಷ ಬೇಸಿಗೆಯಲ್ಲಿ ದೇಶದ ಚುನಾವಣೆ ಬಂತು. ದೇಶ ನಡೆಸುವ ಆ ದೊಡ್ಡ ನಾಯಕರು ಎಲ್ಲೋ ದೂರದ ಊರಿನ ವೇದಿಕೆಯಲ್ಲಿ ಮಾತಾಡಿದರು. ಅದು ಎರಡು ನಿಮಿಷದ ತುಣುಕಾಗಿ ಎಲ್ಲರ ಫೋನಿಗೂ ಬಂತು, ಕೆಳಗೆ ಕನ್ನಡ ಅಕ್ಷರ ಹಾಕಿದ್ದರು. ಅವರ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದರ ಅರ್ಥ ಇಷ್ಟು: ಈ ದೇಶದಲ್ಲಿ ಒಂದು ಧರ್ಮದ ಜನ ಇದ್ದಾರೆ, ಅವರು ನಿಮ್ಮವರಲ್ಲ, ನಿಮ್ಮ ಪಾಲು ತಿನ್ನಲೆಂದೇ ಕುಳಿತಿದ್ದಾರೆ. ಕೆಳಗೆ ಕೂತ ಸಾವಿರಾರು ಜನ ಕೇಕೆ ಹಾಕಿದರು. ಅವರು ಮಾತು ನಿಲ್ಲಿಸಿ, ಆ ಕೇಕೆ ಮುಗಿಯುವವರೆಗೆ ಮುಗುಳ್ನಗುತ್ತ ನಿಂತಿದ್ದರು. ನನಗೆ ಮಾತಿಗಿಂತ ಆ ನಗು ಹೆಚ್ಚು ಹೆದರಿಕೆ ಹುಟ್ಟಿಸಿತು.

ನನ್ನ ಚಿಂತೆಯನ್ನು ನೇರವಾಗಿ ಬರೆಯುತ್ತೇನೆ. ಅವರು ರಸ್ತೆ ಮಾಡಿಸಿರಬಹುದು. ನಮ್ಮ ಅವ್ವನ ಮನೆಗೆ ಗ್ಯಾಸ್ ಒಲೆ ಬಂದದ್ದೂ ಸುಳ್ಳಲ್ಲ. ಹಗಲೂ ರಾತ್ರಿ ದುಡಿಯುತ್ತಾರೆ ಎನ್ನುತ್ತಾರೆ, ಇರಲಿ. ಆದರೆ ಆ ಕುರ್ಚಿಯಲ್ಲಿ ಕೂತವರು ತಮ್ಮದೇ ಜನರಲ್ಲಿ ಕೆಲವರನ್ನು ಉಳಿದವರಿಗೆ ತೋರಿಸಿ, ಇವರ ಮೇಲೆ ಕಣ್ಣಿಡಿ ಅನ್ನಬಾರದು. ಅಂದ ಮೇಲೆ ಅವರು ಆ ಕುರ್ಚಿಗೆ ತಕ್ಕವರಲ್ಲ. ಬೇರೆ ಎಲ್ಲ ಗುಣ ಇದ್ದರೂ ತಕ್ಕವರಲ್ಲ. ಹದಿನಾಲ್ಕು ಮಂದಿಯ ಗುಂಪು ನಡೆಸುವವಳಿಗೂ ಇಷ್ಟು ತಿಳಿದಿರುತ್ತದೆ.

ಇದನ್ನು ನಾನು ಹೇಳಬೇಕಾಗಿದ್ದ ಜಾಗವೊಂದಿತ್ತು, ಅಲ್ಲಿ ಹೇಳಲಿಲ್ಲ. ಚುನಾವಣೆ ಮುಗಿದು, ಅವರೇ ಗೆದ್ದು, ಶಾಲೆ ಶುರುವಾದ ಮೇಲೆ ಕೇಂದ್ರ ಸರ್ಕಾರದ ಪಾಠ ಬಂತು. ಲೋಕಸಭೆಗೆ ನಿಲ್ಲಲು ಇರಬೇಕಾದ ಅರ್ಹತೆಗಳನ್ನು ಬೋರ್ಡಿನ ಮೇಲೆ ಬರೆದೆ. ಭಾರತದ ಪ್ರಜೆಯಾಗಿರಬೇಕು, ಇಪ್ಪತ್ತೈದು ವರ್ಷ ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು, ದಿವಾಳಿಯಾಗಿರಬಾರದು. ಆಮೇಲೆ ಮಂತ್ರಿಗಳು ಮಾಡುವ ಪ್ರಮಾಣದ ಬಗ್ಗೆ ಹೇಳಿದೆ: ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲ ಜನರಿಗೂ ನ್ಯಾಯ ಮಾಡುತ್ತೇನೆ ಎಂದು ಪ್ರಮಾಣ ಮಾಡಬೇಕು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಟೀಚರ್, ಪ್ರಮಾಣ ಮಾಡಿ ಆಮ್ಯಾಲ ಹಂಗ ನಡೀಲಿಲ್ಲಂದ್ರ ಏನು ಮಾಡ್ತಾರ್ರೀ?"

ಇಡೀ ತರಗತಿ ನನ್ನ ಮುಖ ನೋಡಿತು. ಅವಳು ಯಾರ ಬಗ್ಗೆ ಕೇಳುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ನಾನು ಸರ್ಕಾರಿ ನೌಕರಿಯವಳು. ಯಾವ ಮಗು ಮನೆಗೆ ಹೋಗಿ ಏನು ಹೇಳುತ್ತದೋ, ಯಾರು ಅರ್ಜಿ ಹಾಕುತ್ತಾರೋ ಎಂದುಕೊಂಡೆ.

"ಅದು ಪರೀಕ್ಷೆಗೆ ಬರಂಗಿಲ್ಲ, ಕೂಡು," ಎಂದೆ.

ಅವಳು ಕೂತಳು. ಆ ವರ್ಷವೆಲ್ಲ ಮತ್ತೆ ಏನೂ ಕೇಳಲಿಲ್ಲ.

ಶ್ರಾವಣದ ಒಂದು ಭಾನುವಾರ ದಢೇಸುಗೂರಿನ ಗದ್ದೆಗೆ ಹೋದೆ. ನನ್ನ ತಮ್ಮನ ಹೆಂಡತಿಯೂ ಆ ವರ್ಷ ಗುಂಪಿಗೆ ಸೇರಿದ್ದಳು. ಚುರುಕು ಹುಡುಗಿ, ಕೈ ಬೀಸು ನೋಡಿದರೆ ಮೆಚ್ಚಬೇಕು. ಟಂಟಂ ಹೊರಟ ಕೂಡಲೇ ಅವಳು ಫೋನ್ ತೆಗೆದು ಅದೇ ತುಣುಕು ಹಚ್ಚಿದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಎದುರಿಗೇ ಖಾಲಾ ಕೂತಿದ್ದಳು, ಮೊಣಕಾಲ ಮೇಲೆ ಬುತ್ತಿ ಗಂಟು.

"ಕೇಳಿದೇನು ಮೇಸ್ತ್ರಿ? ನಮ್ಮ ಪಾಲು ತಿನ್ನಾಕ ಬಂದೀರಂತ ನೀವು," ಎಂದು ತಮ್ಮನ ಹೆಂಡತಿ ನಕ್ಕಳು.

ಖಾಲಾ ಸೆರಗು ಸರಿ ಮಾಡಿಕೊಂಡು, "ಹೌದಬೇ. ನಿನ್ನೆ ನೀ ನೀರು ಕುಡ್ಯಾಕ ಹೋಗಿ ಅರ್ಧ ತಾಸು ಬದುವಿನ ಮ್ಯಾಲ ಕುಂತಿದ್ದೆಲ್ಲ, ಆವಾಗ ನಿನ್ನ ಪಾಲಿಂದು ಎರಡು ಸಾಲು ನಾನ ತಿಂದೀನಿ. ಹೋಗಿ ಕಿತ್ತು ಕೊಡ್ಲೇನು?" ಎಂದಳು.

ಗಾಡಿಯವರೆಲ್ಲ ನಕ್ಕರು. ತಮ್ಮನ ಹೆಂಡತಿಯೂ ನಕ್ಕಳು. ನಾನು ಮುಗಿಯಿತು ಎಂದುಕೊಂಡೆ. ಓದಿದವಳಾದರೂ ನನಗೆ ಅಷ್ಟೇ ತಿಳಿಯಿತು.

ಮಧ್ಯಾಹ್ನ ಬೇವಿನ ಮರದ ಕೆಳಗೆ ಊಟಕ್ಕೆ ಕೂತೆವು. ನಮ್ಮಲ್ಲಿ ರೊಟ್ಟಿ ಅವರವರದು, ಪಲ್ಯ ಎಲ್ಲರದು. ಡಬ್ಬಿ ಬಿಚ್ಚಿ ನಡುವೆ ಇಟ್ಟರೆ ಯಾರ ಕೈ ಯಾವ ಡಬ್ಬಿಗಾದರೂ ಹೋಗುತ್ತದೆ. ಖಾಲಾಳ ಪುಂಡಿಸೊಪ್ಪಿನ ಪಲ್ಯದ ಡಬ್ಬಿ ಯಾವಾಗಲೂ ಮೊದಲು ಖಾಲಿಯಾಗುತ್ತಿತ್ತು. ಅವತ್ತು ಯಾರೂ ಮುಟ್ಟಲಿಲ್ಲ.

"ಶ್ರಾವಣ ಐತಲ್ಲ," ಎಂದಳು ಒಬ್ಬಳು, ಯಾರನ್ನೂ ನೋಡದೆ.

"ಪುಂಡಿಪಲ್ಯದಾಗ ಏನೈತ್ಬೇ?" ಖಾಲಾ ಕೇಳಿದಳು. "ಶ್ರಾವಣದಾಗ ನಾನೂ ಮಾಂಸದ ಬೋಗಾಣಿ ಒಲಿ ಮ್ಯಾಲ ಇಡಂಗಿಲ್ಲ, ನಿಮ್ಮ ಜೋಡಿ ಉಣ್ಣಾಕಿ ಅಂತ. ಇಷ್ಟು ವರ್ಷ ಗೊತ್ತಿದ್ದಿಲ್ಲೇನು?"

ನಾನು ಕೈ ಚಾಚಿ ಎರಡು ಸಲ ತೆಗೆದುಕೊಂಡೆ. ಅವ್ವನನ್ನು ನೋಡಿದೆ. ಅವ್ವ ಬರೀ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದಳು. ಖಾಲಾ ಡಬ್ಬಿಯ ಮುಚ್ಚಳ ಹಾಕಿದಳು.

ಚಳಿಗಾಲದಲ್ಲಿ ಎರಡನೇ ಬೆಳೆಗೆ ನೀರು ಬಂತು. ನಾಟಿ ಶುರುವಾಗುವ ಮುನ್ನ ತಮ್ಮ ಫೋನ್ ಮಾಡಿ, ಈ ಸಲ ಗುಂಪಿಗೆ ತನ್ನ ಹೆಂಡತಿಯೇ ಮೇಸ್ತ್ರಿ ಎಂದ. ಖುಷಿಯಲ್ಲಿದ್ದ. ನಮ್ಮಲ್ಲಿ ಮೇಸ್ತ್ರಿಯನ್ನು ಇಳಿಸಲು ಸಭೆ ಕರೆಯುವುದಿಲ್ಲ, ಜಗಳವನ್ನೂ ಮಾಡುವುದಿಲ್ಲ. ನಸುಕಿನಲ್ಲಿ ಊರಬಾಗಿಲಿನ ಅಗಸಿಯ ಹತ್ತಿರ ಎರಡು ಟಂಟಂ ನಿಲ್ಲುತ್ತವೆ. ಯಾರ ಗಾಡಿಗೆ ಹೆಚ್ಚು ಮಂದಿ ಹತ್ತುತ್ತಾರೋ ಅವಳೇ ಮೇಸ್ತ್ರಿ. ಉಳಿದವರು ಹಿರಿಯರು ಎತ್ತ ಹೋಗುತ್ತಾರೆಂದು ನೋಡುತ್ತಾರೆ. ಗುಂಪಿನಲ್ಲಿ ಹಿರಿಯಳು ನಮ್ಮವ್ವ. ಅವಳು ಖಾಲಾಳ ಗಾಡಿ ಹತ್ತಿದರೆ ಏಳೆಂಟು ಮಂದಿಯಾದರೂ ಹಿಂದೆ ಹತ್ತುತ್ತಿದ್ದರು. ನಾನು ಭಾನುವಾರ ಸಂಜೆಯ ಬಸ್ಸಿಗೆ ಊರಿಗೆ ಹೋದೆ.

ಅವ್ವ ಅಂಗಳದಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ತಮ್ಮನ ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಖಾಲಾ ನಿನಗ ಏನು ತಪ್ಪು ಮಾಡ್ಯಾಳ?"

"ಅಕಿ ಏನೂ ಮಾಡಿಲ್ಲ."

"ಮತ್ತ?"

"ಮತ್ತ ಏನು? ಮಂದಿ ಮನಸ್ಸು ಕೆಟ್ಟೈತಿ. ಅಷ್ಟು ದೊಡ್ಡಾಂವ, ದೇಶ ಆಳಾಂವ, ಟಿವಿಯಾಗ ನಿಂತು ಹೇಳ್ಯಾನ. ಸುಮ್ಮಸುಮ್ಮನ ಹೇಳ್ತಾನೇನು? ಅವಗ ಗೊತ್ತಿರತೈತಿ."

"ನಿನಗ ಗೊತ್ತಿಲ್ಲೇನವ್ವಾ? ಇಷ್ಟು ವರ್ಷ ಬಾಜೂಕ ನಿಂತಾಕಿ ನೀನು. ಅಂವ ಖಾಲಾನ್ನ ನೋಡ್ಯಾನೇನು?"

ಅವ್ವ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ನೋಡು ಯವ್ವಾ," ಎಂದಳು ದನಿ ಇಳಿಸಿ, "ನೀ ಲಿಂಗಸುಗೂರಾಗ ಇರಾಕಿ. ನಾ ಈ ಮನ್ಯಾಗ ಇರಾಕಿ. ನಾಳೆ ನಾ ಆ ಗಾಡಿ ಹತ್ತಿದ್ರ ಈಕಿ ನನಗ ಒಂದು ರೊಟ್ಟಿ ನಗುನಗುತ್ತ ಹಾಕ್ತಾಳೇನು?"

"ಅದಕ್ಕಂತ ತಪ್ಪಿಗೆ ಹೂಂ ಅಂತೀಯ?"

"ನೀ ಅಂದಿಲ್ಲೇನು?"

ನನಗೆ ತಿಳಿಯಲಿಲ್ಲ.

"ಸಾಲ್ಯಾಗ ಆ ಹುಡುಗಿ ಎದ್ದು ಕೇಳಿದ್ಲು ಅಂದಿದ್ದೆಲ್ಲ. ನೀನ ಬಂದು ನನ್ನ ಮುಂದ ಹೇಳಿ ಅತ್ತಿದ್ದಿ. ಪಗಾರ ಐತಿ, ಡಿಗ್ರಿ ಐತಿ, ಮಂದಿ ನಿನಗ ಮೇಡಂ ಅಂತಾರ. ನಿನ್ನ ಬಾಯಿ ತೆರೀಲಿಲ್ಲ. ನಾ ಹೆಬ್ಬಟ್ಟು ಒತ್ತಾಕಿ, ನನ್ನ ಬಾಯಿ ತೆರಿ ಅಂತಿದಿ."

ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಅಂದಳು.

ಮರುದಿನ ನಸುಕಿನಲ್ಲಿ ಅವಳ ಬುತ್ತಿ ಹಿಡಿದು ಅಗಸಿಯವರೆಗೆ ಹೋದೆ. ಎರಡು ಟಂಟಂ ನಿಂತಿದ್ದವು. ಒಂದರಲ್ಲಿ ತಮ್ಮನ ಹೆಂಡತಿ ಮುಂದೆ ಕೂತಿದ್ದಳು. ಇನ್ನೊಂದರ ಪಕ್ಕ ಖಾಲಾ, ತಲೆಗೆ ಮಫ್ಲರ್ ಸುತ್ತಿಕೊಂಡು, ಯಾವತ್ತಿನ ಹಾಗೆ ಎಲ್ಲರೂ ಬಂದರೋ ಇಲ್ಲವೋ ಎಂದು ತಲೆ ಎಣಿಸುವವಳಂತೆ ನಿಂತಿದ್ದಳು. ಉಳಿದ ಹೆಂಗಸರು ಅಗಸಿಯ ಕಟ್ಟೆಯ ಹತ್ತಿರ ನಿಂತು ಅವ್ವನನ್ನೇ ನೋಡುತ್ತಿದ್ದರು. ಅವ್ವ ನನ್ನ ಕೈಯಿಂದ ಬುತ್ತಿ ತೆಗೆದುಕೊಂಡಳು, ಸೊಸೆಯ ಗಾಡಿಯ ಕಡೆ ನಡೆದಳು, ಕಷ್ಟಪಟ್ಟು ಕಾಲು ಎತ್ತಿ ಹತ್ತಿದಳು. ಅವಳ ಹಿಂದೆ ಒಬ್ಬೊಬ್ಬರೇ ಹತ್ತಿದರು. ಖಾಲಾಳ ಗಾಡಿಗೆ ಅವಳ ಇಬ್ಬರು ನಾದಿನಿಯರು, ಕಿವಿ ಕೇಳದ ಒಬ್ಬ ಮುದುಕಿ, ಇಷ್ಟೇ.

"ಅಕ್ಕಾ, ಮೊಣಕಾಲು ಹೆಂಗೈತಿ?" ಎಂದು ಖಾಲಾ ಕೂಗಿ ಕೇಳಿದಳು. ಅವ್ವ, "ಐತಿ," ಎಂದಳು, ಆ ಕಡೆ ತಿರುಗದೆ.

ಆಮೇಲೆ ಖಾಲಾ ನನ್ನನ್ನು ನೋಡಿದಳು. "ಟೀಚರಮ್ಮ, ನೀ ಬರ್ತಿಯೇನ್ಬೇ? ಜಾಗ ಭಾಳ ಐತಿ ಇವತ್ತು."

"ಸಾಲಿ ಐತಿ ಖಾಲಾ," ಎಂದೆ.

ಸಾಲಿ ಇದ್ದದ್ದು ನಿಜ. ಒಂದು ರಜೆ ಹಾಕಬಹುದಾಗಿತ್ತು, ಅದೂ ನಿಜ. ಅವಳು ತಲೆ ಅಲ್ಲಾಡಿಸಿ ಗಾಡಿ ಹತ್ತಿದಳು.

ನಾಲ್ಕು ಮಂದಿಗೆ ಯಾರೂ ಗದ್ದೆ ಒಪ್ಪಿಸುವುದಿಲ್ಲ. ಮುಕ್ಕುಂದದ ಒಬ್ಬ ರೈತ, "ಇಷ್ಟ ಮಂದಿಯಿಂದ ಯಾವಾಗ ಮುಗೀಬೇಕಮ್ಮಾ?" ಎಂದು ಬದುವಿನ ಮೇಲಿಂದಲೇ ವಾಪಸ್ ಕಳಿಸಿದನಂತೆ. ಒಂದು ವಾರ ತಿರುಗಿದಳು. ಆಮೇಲೆ ಕಾಲುವೆಯ ಕಡೆ ಹೋಗುವುದನ್ನೇ ಬಿಟ್ಟಳು. ಈಗ ಮಸ್ಕಿಯ ಹತ್ತಿರ ಯಾರದೋ ಹೊಲದಲ್ಲಿ ಕಳೆ ಕೀಳುತ್ತಾಳೆ. ಓಣಿಯಲ್ಲಿ ಎದುರಾದರೆ ಅವ್ವ ಮತ್ತು ಅವಳು ಮಾತಾಡುತ್ತಾರೆ. ನೀರು ಬಂತೇ, ಮೊಮ್ಮಗಳಿಗೆ ಜ್ವರ ಬಿಟ್ಟಿತೇ, ಅಷ್ಟು. ಯಾರೂ ಯಾರಿಗೂ ಏನೂ ಅಂದಿಲ್ಲ. ಅಂದಿದ್ದರೆ ಒಂದು ದಿನ ಕೂತು ಬಗೆಹರಿಸಬಹುದಿತ್ತೇನೋ.

ಆ ನಾಯಕರಿಗೆ ನಮ್ಮೂರು ನಕಾಶೆಯಲ್ಲಿ ಎಲ್ಲಿದೆ ಎಂಬುದೂ ಗೊತ್ತಿರಲಾರದು. ಆ ಎರಡು ನಿಮಿಷವನ್ನು ಅವರು ಅವತ್ತೇ ಮರೆತಿರಬಹುದು. ಅವರು ಇವತ್ತೇ ಕುರ್ಚಿಯಿಂದ ಇಳಿದರೂ ಅವ್ವನ ಗುಂಪು ಮೊದಲಿನಂತೆ ಆಗುವುದಿಲ್ಲ. ಇದನ್ನೇ ನಾನು ಯಾರಿಗೂ ತಿಳಿಸಿ ಹೇಳಲಾರೆ.

ಹೋದ ತಿಂಗಳು ಊರಿಗೆ ಹೋದಾಗ ಅವ್ವನನ್ನು ಕೇಳಿದೆ, ಮುಂದಿನ ಸಲ ಯಾರಿಗೆ ಓಟು ಹಾಕ್ತಿ ಎಂದು.

"ಅವಗ," ಎಂದಳು. ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. "ಎಲ್ಲಾರೂ ಅವಗ ಹಾಕ್ತಾರ."

"ಖಾಲಾ?"

ಅವ್ವ ಅಕ್ಕಿಯನ್ನು ಮೊರದಲ್ಲಿ ಒಮ್ಮೆ ಕೇರಿದಳು. "ಅಕಿ ಒಬ್ಬಾಕಿ ಓಟಿಂದ ಏನಾಗತೈತಿ ಬಿಡು," ಎಂದು ಮತ್ತೆ ಅಕ್ಕಿಗೆ ಬಗ್ಗಿದಳು.