ಹೂಲಿ ಸರ್ ಹಾಕಿದ ಬೇಲಿ

ಹೂಲಿ ಸರ್ ಊಟಕ್ಕೆ ಕುಳಿತರೆ ಮೊದಲು ನಿಂಬೆಹಣ್ಣನ್ನು ತಾಟಿನ ಮೇಲೆ ಗಿರ್ರನೆ ತಿರುಗಿಸುತ್ತಿದ್ದರು. ಹಿಂಡುವುದು ಆಮೇಲೆ. ಹೆಂಡತಿ ಶಾಂತಕ್ಕ, “ಮೊದಲ ಉಣ್ರಿ, ಆಮ್ಯಾಲೆ ಫಿಸಿಕ್ಸ್ ಮಾಡ್ರಿ” ಎಂದು ಗದರಿದರೂ ಕೇಳುವ ಆಸಾಮಿಯಲ್ಲ.

ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ನಾನು ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆ. ಕಾದು ಜೋರಾಗಿ ತಿರುಗುವ ಪರಮಾಣು ನ್ಯೂಕ್ಲಿಯಸ್ಸು ಯಾವ ಆಕಾರ ತಾಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ಸಪ್ತಾಪುರದ ಅವರ ಅಡುಗೆಮನೆಯೇ ನನ್ನ ತರಗತಿ. “ತಿರಗತಾ ತಿರಗತಾ ಮೊದಲ ರೊಟ್ಟಿ ಹಂಗ ಚಪ್ಪಟಿ ಆಗತೈತಿ. ಇನ್ನೂ ಜೋರ ತಿರುಗಿದ್ರ ಒಮ್ಮಿಗೆ ಸವತಿಕಾಯಿ ಹಂಗ ಉದ್ದ ಆಗತೈತಿ” ಎನ್ನುತ್ತಿದ್ದರು. ಒಳಗಿನ ಪ್ರೋಟಾನುಗಳೆಲ್ಲ ಒಟ್ಟಾಗಿ ಒಂದು ಕಡೆ, ನ್ಯೂಟ್ರಾನುಗಳೆಲ್ಲ ಒಟ್ಟಾಗಿ ಎದುರು ಕಡೆ ತೂಗಾಡುತ್ತವೆ. ಉದ್ದದ ದಿಕ್ಕಿನಲ್ಲಿ ನಿಧಾನ, ಗಿಡ್ಡ ದಿಕ್ಕಿನಲ್ಲಿ ಚುರುಕು. ಆ ಕಂಪನದಿಂದಲೇ ಆಕಾರವನ್ನು ಪತ್ತೆ ಹಚ್ಚಬೇಕು.

ಒಂದು ನ್ಯೂಕ್ಲಿಯಸ್ಸು ಹೀಗೆ ಸೌತೆಕಾಯಿಯಾಗಿ ನಿಲ್ಲುತ್ತದೆಂದು ತೋರಿಸಿದ ಪ್ರಬಂಧವೇ ಸರ್‌ಗೆ ಹೆಸರು ತಂದದ್ದು. ನನ್ನ ಥೀಸಿಸ್ಸೂ ಅದರ ಮೇಲೆಯೇ ನಿಂತಿತ್ತು. ಇಂಥ ಲೆಕ್ಕದಲ್ಲಿ ಎಷ್ಟು ಉದ್ದದವರೆಗೆ ನೋಡಬೇಕೆಂದು ಒಂದು ಗಡಿ ಹಾಕಿಕೊಳ್ಳಬೇಕು. ಸರ್ ಅದನ್ನು ಬೇಲಿ ಎನ್ನುತ್ತಿದ್ದರು. ಹಳೆಯ ಕಂಪ್ಯೂಟರಿಗೆ ತಾಕತ್ತು ಸಾಲದೆ ಅವರು ಬೇಲಿಯನ್ನು ಹತ್ತಿರವೇ ಹಾಕಿದ್ದರು. ವಿಭಾಗಕ್ಕೆ ಹೊಸ ಮಷೀನು ಬಂದಾಗ ನಾನು ಅದನ್ನು ದೂರ ಸರಿಸಿದೆ. ನ್ಯೂಕ್ಲಿಯಸ್ಸು ಎಲ್ಲಿಯೂ ನಿಲ್ಲಲಿಲ್ಲ. ಉದ್ದವಾಗುತ್ತ ಆಗುತ್ತ ಒಡೆದೇ ಹೋಯಿತು.

ಹೇಳಿದರೆ ಅವರ ಹೆಸರು ಹೋಗುತ್ತದೆ, ನನ್ನ ಪದವಿಯೂ ಹೋದೀತು. ಆದರೂ ಹೋಗಿ ಹೇಳಿದೆ. ಸರ್ ಸಿಟ್ಟಾದರು. ತಪ್ಪು ನನ್ನ ಪ್ರೋಗ್ರಾಮಿನಲ್ಲಿದೆ, ನೆಟ್ಟಗೆ ನೋಡಿಕೊಂಡು ಬಾ ಎಂದು ಕಳಿಸಿಬಿಟ್ಟರು. ಮುಂದಿನ ವಾರವಿಡೀ ಅವರು ನನ್ನ ಲೆಕ್ಕವನ್ನು ತಾವೇ ಮೊದಲಿನಿಂದ ಮಾಡುತ್ತಿದ್ದರೆಂದು ಆಮೇಲೆ ಶಾಂತಕ್ಕ ಹೇಳಿದರು.

ಅದರ ಬೆನ್ನಿಗೇ ಹೊರಗಿನ ವಿಜ್ಞಾನಿಗಳೆಲ್ಲ ಬಂದಿದ್ದ ವಿಚಾರಸಂಕಿರಣದಲ್ಲಿ ಸರ್ ಎದ್ದು ನಿಂತರು. “ನ್ಯೂಕ್ಲಿಯಸ್ಸು ನಾ ಹಾಕಿದ ಬೇಲಿಗೆ ಆತು ನಿಂತಿತ್ತು. ನಾ ಅದನ್ನs ಅದರ ಆಕಾರ ಅಂತ ತಿಳಕೊಂಡೆ. ತಪ್ಪು ತೋರಿಸಿದಾಕಿ ಅಲ್ಲಿ ಹಿಂದ ಕುಂತಾಳ” ಎಂದರು. ಎಲ್ಲರೂ ತಿರುಗಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಥೀಸಿಸ್ಸನ್ನು ಹೊಸದಾಗಿ ಬರೆದೆ. ಪದವಿ ಬಂತು, ವಿದ್ಯಾನಗರದ ಕಾಲೇಜೊಂದರಲ್ಲಿ ನೌಕರಿಯೂ ಸಿಕ್ಕಿತು.

ಸರ್ ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ ಶಿಷ್ಯರೆಲ್ಲ ಸೇರಿ ಅವರಿಗೆ ಸನ್ಮಾನ ಮಾಡಬೇಕೆಂದೆವು. ಭಾಷಣ ನನ್ನದು. ಬರೆದದ್ದನ್ನು ಅವರಿಗೇ ಓದಿ ಹೇಳಿದೆ. ಹೃದಯದ ತೊಂದರೆಯಿಂದ ಸೊರಗಿದ್ದರು, ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಬೇಲಿ ಕತಿ ಯಾಕ ಬಿಟ್ಟೀಯವ್ವಾ?”

“ಸನ್ಮಾನದಾಗ ಅದ್ಯಾಕ್ರಿ ಸರ್?”

“ಅಲ್ಲಿ ನಾ ಸೋತಿಲ್ಲ. ಅಲ್ಲೇ ನಾ ಮಾಸ್ತರ ಆದೆ. ಬರಿ.”

ಬರೆದೆ. ಸನ್ಮಾನದ ದಿನ ಬರುವ ಮೊದಲೇ ಸರ್ ಹೋದರು. ಅದೇ ಹಾಳೆಗಳನ್ನು ಶ್ರದ್ಧಾಂಜಲಿ ಸಭೆಯಲ್ಲಿ ಓದಿದೆ. ತಪ್ಪಿನ ಭಾಗ ಬಂದಾಗ, ಸತ್ತವರ ತಪ್ಪನ್ನು ಇಲ್ಲಿ ಎತ್ತುವುದೇ ಎನಿಸಿ ಹಾಳೆ ಮಡಚಿ ಕೆಳಗಿಳಿಯಹೋದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಾಂತಕ್ಕ ಕೈಯೆತ್ತಿ ತಡೆದರು.

“ಓದವ್ವಾ. ಅವರು ಅದಕ್ಕs ಕಾಯಾಕತ್ತಿದ್ರು.”