ನನ್ನ ಟೂಲ್ ಬಾಕ್ಸಿಗೆ ಪೂಜೆ ಎಲ್ಲಿ

ನನಗೆ ಮೂಗಿನ ತುದೀಲೇ ಕೋಪ. ಅದಕ್ಕೇ ಯಾರ ಕೈಕೆಳಗೂ ಹೋಗದೆ ಹುಣಸೂರಿನಲ್ಲಿ ಫ್ರಿಜ್ಜು, ಕೂಲರ್ ರಿಪೇರಿ ಅಂಗಡಿ ಇಟ್ಟೆ. ಬೈಲಕುಪ್ಪೆಯ ಒಂದೆರಡು ಹೋಟೆಲು, ಮಿರ್ಲೆ ಕಡೆಯ ಒಂದು ಹಾಲಿನ ಡೇರಿ, ಎಚ್.ಡಿ. ಕೋಟೆ ಹಿನ್ನೀರಿನ ದಡದ ಒಂದು ರೆಸಾರ್ಟು, ಇವೇ ನನ್ನ ಅನ್ನ. ಯಾರು ಕರೆದರೂ ಬೈಕ್ ಹತ್ತಿ ಹೋಗೋದು, ಕೆಲಸ ಮುಗಿಸಿ ಬಿಲ್ ಕೊಟ್ಟು ಬರೋದು.

ರೆಸಾರ್ಟಿನವರು ಮೀನು, ತರಕಾರಿ ಇಡೋಕೆ ಹೊಸ ಕೋಲ್ಡ್ ರೂಮ್ ಹಾಕಿಸಿದರು. ಮ್ಯಾನೇಜರು ಕರೆದು, "ಇದರ ಟ್ರೈನಿಂಗ್ ಮೈಸೂರಲ್ಲಿದೆ, ಹೋಗ್ಬನ್ನಿ. ಖರ್ಚೆಲ್ಲ ನಮ್ದು" ಅಂದರು. ಪುಕ್ಕಟೆ ಕಲಿಸ್ತೀವಿ ಅಂದ್ರೆ ಯಾರು ಬೇಡ ಅಂತಾರೆ? ಹೋದೆ, ಕಲಿತೆ. ಬಂದಮೇಲೆ ರೆಸಾರ್ಟಿನ ಟೀ ಶರ್ಟು ಕೊಟ್ಟರು, ಹಾಕ್ಕೊಂಡೆ. ಬೆಳಿಗ್ಗೆ ಹಾಜರಿಗೆ ಬೆರಳು ಒತ್ತಿ ಅಂದರು, ಒತ್ತಿದೆ. ಅಷ್ಟು ಮಾಡಿದೋರಿಗೆ ಇಲ್ಲ ಅನ್ನೋಕೆ ದಾಕ್ಷಿಣ್ಯ.

ಆಯುಧಪೂಜೆಗೆ "ನಿಮ್ಮ ಬಾಕ್ಸೂ ಇಲ್ಲಿಗೇ ತನ್ನಿ" ಅಂದರು. ಅಡುಗೆಮನೆ ಚಾಕು, ಜೀಪುಗಳ ಜೊತೆ ನನ್ನ ಸ್ಪ್ಯಾನರುಗಳಿಗೂ ಅರಿಶಿನ ಕುಂಕುಮ ಆಯಿತು. ಕೆಲಸದವರ ಸಾಲಿನಲ್ಲಿ ನಿಂತು ಮ್ಯಾನೇಜರ ಕೈಯಿಂದ ಪುರಿ, ಸ್ವೀಟು ತಗೊಂಡು ಮನೆಗೆ ಬಂದೆ.

"ನಮ್ಮಂಗಡಿ ಬಾಗ್ಲಿಗೆ ಒಂದು ಬೂದುಗುಂಬಳ ಒಡೀಲಿಲ್ಲ, ಅಲ್ಲೋಗಿ ಪೂಜೆ ಮಾಡುಸ್ಕ ಬಂದ್ರಾ?" ಅಂದಳು ಹೆಂಡತಿ.

"ಎಲ್ಲಾದ್ರೂ ಪೂಜೆ ಪೂಜೇನೇ ಕಣೆ, ಸುಮ್ನಿರು" ಅಂತ ರೇಗಿದೆ.

ಬೇಸಿಗೇಲಿ ಒಂದು ಮಧ್ಯಾಹ್ನ ಡೇರಿ ಕಾರ್ಯದರ್ಶಿ ಫೋನು. ಹಾಲು ತಂಪು ಮಾಡೋ ಟ್ಯಾಂಕು ನಿಂತೋಗಿದೆ, ಸಂಜೆ ಹಾಲು ಬರೋ ಹೊತ್ತಾಯ್ತು, ಬೇಗ ಬನ್ನಿ ಅಂತ. ನಾನು ರೆಸಾರ್ಟಿನಲ್ಲಿದ್ದೆ. ಹೊರಟವನನ್ನು ಮ್ಯಾನೇಜರು ತಡೆದರು. "ನಮ್ಮ ದುಡ್ಡಲ್ಲಿ ಕಲ್ತಿದೀರಿ, ಈಗ ನೀವು ನಮ್ಮ ಸ್ಟಾಫು. ಡ್ಯೂಟಿ ಬಿಟ್ಟು ಹೋಗಂಗಿಲ್ಲ." ಮೈಯೆಲ್ಲ ಉರಿದುಹೋಯ್ತು. ಆದರೆ ಮೈಮೇಲಿದ್ದದ್ದು ಅವರದೇ ಟೀ ಶರ್ಟು, ಡ್ಯೂಟಿ ಮುಗಿಯೋವರೆಗೂ ಅಲ್ಲೇ ಉಳಿದೆ. ಕತ್ತಲಾದ ಮೇಲೆ ಡೇರಿ ಮುಟ್ಟಿದಾಗ ಹಾಲು ಒಡೆದು, ಚರಂಡಿಗೆ ಸುರಿದಾಗಿತ್ತು.

"ಇನ್ನೊಂದ್ಸಲ ಇಂಗಾದ್ರೆ ಬ್ಯಾರೆಯೋರ್ನ ನೋಡ್ಕತೀವಿ ಕಣಣ್ಣ" ಅಂದರು ಕಾರ್ಯದರ್ಶಿ. ಅಂಗಡಿ ಶುರುವಾದಾಗಿನಿಂದ ಕೈಹಿಡಿದ ಡೇರಿ ಅದು. ಅಳು ಬಂತು.

ತೆರಿಗೆ ಕಟ್ಟೋ ಸಮಯಕ್ಕೆ ಕೆ.ಆರ್. ನಗರದಲ್ಲಿ ನನ್ನ ಲೆಕ್ಕ ನೋಡೋ ಆಡಿಟರಮ್ಮನ ಹತ್ರ ಹೋದೆ. ಕಂಪ್ಯೂಟರ್ ನೋಡಿ, "ಏನಣ್ಣ, ಯಾವಾಗ ಕೆಲಸಕ್ಕೆ ಸೇರಿದ್ರಿ? ರೆಸಾರ್ಟಿನವರು ನಿಮ್ಮ ಬಿಲ್ಲನ್ನ ಸಂಬಳ ಅಂತ ತೋರಿಸಿದಾರೆ" ಅಂದರು. ಸಂಬಳ ಅಂದಮೇಲೆ ಪೆಟ್ರೋಲು, ಸಾಮಾನಿನ ಖರ್ಚು ಆದಾಯದಲ್ಲಿ ಕಳೆಯಂಗಿಲ್ಲವಂತೆ. ನಾನು ಎಲ್ಲ ಹೇಳಿಕೊಂಡೆ, ಪೂಜೆ ವಿಷಯಾನೂ.

ಅವರು ನಕ್ಕರು. "ಟ್ರೈನಿಂಗ್ ಕೊಡಿಸಿದ ಮಾತ್ರಕ್ಕೆ ಯಾರೂ ನೌಕರ ಆಗಲ್ಲ. ಆದ್ರೆ ಅವರ ಬಟ್ಟೆ, ಅವರ ಹಾಜರಿ, ಬೇರೆ ಕಡೆ ಹೋಗಬೇಡ ಅನ್ನೋದು, ಇವೆಲ್ಲ ಸೇರಿದ್ರೆ ನಾನೇ ನಿಮ್ಮನ್ನ ಅವರ ನೌಕರ ಅಂತೀನಿ. ಅಂಗಾದ್ರೆ ಪಿಎಫ್ಫು, ರಜಾನೂ ಕೊಡ್ಲಿ. ಇಲ್ಲ ಅಂದ್ರೆ ಟ್ರೈನಿಂಗ್ ಅವರ ಮೆಷೀನಿಗೋಸ್ಕರ ಮಾತ್ರ, ಅದಕ್ಕೆ ಬೇರೆ ಷರತ್ತಿಲ್ಲ ಅಂತ ಕರಾರಲ್ಲಿ ಬರೆಸ್ಕೊಳ್ಳಿ. ಇದನ್ನ ಟ್ರೈನಿಂಗಿಗೆ ಹೋಗೋಕೆ ಮುಂಚೆ ಬರೆಸ್ಬೇಕಿತ್ತು."

ಟೀ ಶರ್ಟು ಒಗೆದು, ಮಡಿಚಿ, ಆಡಿಟರಮ್ಮ ಹೇಳಿದಂಗೆ ಬರೆಸಿದ ಕರಾರಿನ ಜೊತೆ ಮ್ಯಾನೇಜರ ಮೇಜಿನ ಮೇಲಿಟ್ಟೆ. "ಅಷ್ಟೆಲ್ಲ ಮಾಡಿದ್ವಲ್ರೀ ನಿಮಗೆ" ಅಂದರು. ಆ ಮಾತು ನನಗೂ ಚುಚ್ಚಿತು, ಸುಳ್ಳಲ್ಲ. "ಮಾಡಿದ್ದೀರಿ ಸಾರ್, ಮರೆಯಲ್ಲ. ಕರೆದಾಗ ಬತ್ತೀನಿ, ನಿಮ್ಮಾಳಾಗಿ ಬರಲ್ಲ" ಅಂದೆ. ಎರಡು ವಾರ ಮುಖ ಊದಿಸಿಕೊಂಡಿದ್ದು ಕೊನೆಗೆ ಕರಾರಿಗೆ ಸಹಿ ಹಾಕಿದರು, ಸಂಬಳದ ಲೆಕ್ಕಾನೂ ತಿದ್ದಿಸಿದರು.

ಆ ವರ್ಷ ಆಯುಧಪೂಜೆ ನನ್ನಂಗಡಿ ಬಾಗಿಲಲ್ಲೇ ಆಯಿತು. ಕುಂಬಳಕಾಯಿ ನಾನೇ ಒಡೆದೆ. ಪುರಿ, ಸ್ವೀಟು ಕಟ್ಟಿಸಿಕೊಂಡು ಮೊದಲು ಡೇರಿಗೆ, ಆಮೇಲೆ ರೆಸಾರ್ಟಿಗೆ ಹೋದೆ. ಮ್ಯಾನೇಜರು ಕೆಲಸದವರಿಗೆ ಹಂಚುತ್ತಾ ನಿಂತಿದ್ದರು. ನನ್ನ ಪೊಟ್ಟಣ ಮುಂದೆ ಹಿಡಿದೆ. ಒಂದು ಗಳಿಗೆ ನೋಡಿ, ಎರಡೂ ಕೈ ಚಾಚಿ ತಗೊಂಡರು.

"ಕೋಲ್ಡ್ ರೂಮ್ ಯಾಕೋ ಸದ್ದು ಮಾಡ್ತಿದೆ. ಬಿಡುವಿದ್ರೆ ನೋಡ್ತೀರಾ?"

"ಬಾಕ್ಸು ಅಂಗಡೀಲಿ ಪೂಜೆಗಿಟ್ಟಿದೀನಿ ಸಾರ್, ಇವತ್ತು ಮುಟ್ಟಂಗಿಲ್ಲ" ಅಂದೆ. "ನಾಳೆ ಬತ್ತೀನಿ."